ಮಾತ್ರೆಗಿಂತ ಮೊದಲು ಎಣ್ಣೆ ಡಬ್ಬಿ: ನೀರಿನ ಜೀವಿಗಳ ಆಂಟಿಆಕ್ಸಿಡೆಂಟ್‌ಗಳು

(ಧಾರವಾಡದಲ್ಲಿ ವಿಜ್ಞಾನಾಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಶೇಂಗಾ ಹಿಂಡಿ ಡಬ್ಬಿಯಲ್ಲಿ ವಾರಗಟ್ಟಲೆ ಕೆಡದೆ ಉಳಿಯುತ್ತದೆ, ಅಗಸಿ ಹಿಂಡಿ ಅದಕ್ಕಿಂತ ಬೇಗ ಕಮಟು ಹಿಡಿಯುತ್ತದೆ. ಇದು ಇಲ್ಲಿ ಕುಳಿತಿರುವ ತಾಯಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ಕಾರಣ ಎಣ್ಣೆಯಲ್ಲಿದೆ. ಅಗಸಿ ಎಣ್ಣೆಯ ಸುಮಾರು ಅರ್ಧ ಭಾಗ ಆಲ್ಫಾ ಲಿನೋಲೆನಿಕ್ ಆಮ್ಲ. ಅದರ ಇಂಗಾಲದ ಸರಪಳಿಯಲ್ಲಿ ಮೂರು ದ್ವಿಬಂಧಗಳಿವೆ. ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡಿರುವ ಹೈಡ್ರೋಜನ್ ಪರಮಾಣುವಿನ ಹಿಡಿತ ಬಹಳ ಸಡಿಲ. ಅದನ್ನು ಒಂಟಿ ಎಲೆಕ್ಟ್ರಾನ್ ಹೊತ್ತು ಜೋಡಿ ಹುಡುಕುವ ಯಾವುದಾದರೂ ಫ್ರೀ ರ್‍ಯಾಡಿಕಲ್ ಕಿತ್ತುಕೊಂಡರೆ ಗಾಳಿಯ ಆಮ್ಲಜನಕ ಬಂದು ಖಾಲಿ ಜಾಗದಲ್ಲಿ ಕೂರುತ್ತದೆ. ಹಾಗೆ ಆಮ್ಲಜನಕ ಹೊತ್ತ ಅಣು ಪಕ್ಕದ ಕೊಬ್ಬಿನಿಂದ ಮತ್ತೊಂದು ಹೈಡ್ರೋಜನ್ ಕೀಳುತ್ತದೆ. ಒಂದು ಕೆಟ್ಟರೆ ಸಾಲಿನಲ್ಲಿರುವುದೆಲ್ಲ ಕೆಡುತ್ತದೆ. ಆ ವಾಸನೆ ಈ ಸರಣಿಯ ಕೊನೆಯಲ್ಲಿ ಹುಟ್ಟುವ ಆಲ್ಡಿಹೈಡ್‌ಗಳದ್ದು.

ಈಗ ಮೀನಿಗೆ ಬನ್ನಿ. ಮೀನೆಣ್ಣೆಯ ಇಪಿಎ ಎಂಬ ಕೊಬ್ಬಿನಾಮ್ಲದಲ್ಲಿ ಐದು ದ್ವಿಬಂಧಗಳು, ಡಿಎಚ್‌ಎಯಲ್ಲಿ ಆರು. ಅಂದರೆ ಅಗಸಿಗಿಂತಲೂ ಬೇಗ ಕೆಡಬೇಕಾದ ಸರಕು. ಕಾರವಾರ, ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಬರುವ ಬಂಗಡೆಯನ್ನು ಐಸಿನಲ್ಲಿ ಹೂತು ತರುತ್ತಾರೆ. ಐಸು ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಕೊಬ್ಬು ಆಮ್ಲಜನಕದೊಡನೆ ಸೇರುವುದನ್ನು ನಿಧಾನಗೊಳಿಸುತ್ತದೆ, ಆದರೆ ನಿಲ್ಲಿಸುವುದಿಲ್ಲ. ಫ್ರೀಜರಿನಲ್ಲಿಟ್ಟ ಮೀನಿಗೂ ಕೆಲವು ತಿಂಗಳಲ್ಲಿ ಕಮಟು ವಾಸನೆ ಬರುವುದು ಇದಕ್ಕೇ. ಹಾಗಾದರೆ ಅದೇ ಬಂಗಡೆ ಕಡಲಿನಲ್ಲಿ ಜೀವಂತ ಈಜುತ್ತಿದ್ದಾಗ ಅದರ ಮೈಕೊಬ್ಬು ಏಕೆ ಕೆಡಲಿಲ್ಲ? ರಕ್ತದಲ್ಲಿ ಆಮ್ಲಜನಕ ತುಂಬಿ ಹರಿಯುತ್ತಿತ್ತು, ಸ್ನಾಯುವಿನಲ್ಲಿ ಕಬ್ಬಿಣವೂ ಇತ್ತು. ಕೆಡಲು ಬೇಕಾದದ್ದೆಲ್ಲ ಮೈಯೊಳಗೇ ಇತ್ತು. ಕೆಡದಂತೆ ಕಾಯುವ ವ್ಯವಸ್ಥೆಯೂ ಇತ್ತು. ಇವತ್ತಿನ ಮಾತು ಆ ವ್ಯವಸ್ಥೆಯ ಬಗ್ಗೆ, ಅಂದರೆ ಹೀಗೆ ಕೆಡುವುದನ್ನು ತಡೆಯುವ ಆಂಟಿಆಕ್ಸಿಡೆಂಟ್‌ಗಳ ಬಗ್ಗೆ.

ಆಮ್ಲಜನಕವನ್ನು ನಾವು ಪ್ರಾಣವಾಯು ಎನ್ನುತ್ತೇವೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ಸಯಾನೋಬ್ಯಾಕ್ಟೀರಿಯಾಗಳು, ಅಂದರೆ ನೀಲಿ-ಹಸಿರು ಪಾಚಿಗಳು, ಅದನ್ನು ವಾತಾವರಣಕ್ಕೆ ತುಂಬತೊಡಗಿದಾಗ ಅಂದಿನ ಬಹುಪಾಲು ಜೀವಿಗಳಿಗೆ ಅದು ವಿಷವಾಗಿತ್ತು. ಅದನ್ನು ತಯಾರಿಸುತ್ತಿದ್ದ ಪಾಚಿಯೇ ಮೊದಲು ತನ್ನನ್ನು ತಾನು ಉಳಿಸಿಕೊಳ್ಳಬೇಕಾಯಿತು. ಹಾಗಾಗಿ ಆಂಟಿಆಕ್ಸಿಡೆಂಟ್‌ಗಳ ಕಥೆ ನೆಲ್ಲಿಕಾಯಿ, ನಿಂಬೆಹಣ್ಣುಗಳಿಗಿಂತ ಕೋಟ್ಯಂತರ ವರ್ಷ ಮೊದಲು ನೀರಿನಲ್ಲೇ ಶುರುವಾಗಿದೆ. ಉಸಿರಾಟದ ಹಾದಿಯಲ್ಲಿ ಸೋರಿದ ಎಲೆಕ್ಟ್ರಾನ್ ಆಮ್ಲಜನಕಕ್ಕೆ ಅಂಟಿ ಸೂಪರ್‌ಆಕ್ಸೈಡ್ ಆಗುತ್ತದೆ. ಅದನ್ನು ತಣಿಸುವ ಕಿಣ್ವವಿದೆ ಎಂದು 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ತೋರಿಸಿಕೊಟ್ಟರು. ಈ ಕಿಣ್ವ ಪಾಚಿಯಲ್ಲೂ ಇದೆ, ಸೀಗಡಿಯಲ್ಲೂ ಇದೆ, ನಿಮ್ಮಲ್ಲೂ ನನ್ನಲ್ಲೂ ಇದೆ. ಅದನ್ನು ಯಾವ ಅಂಗಡಿಯಿಂದಲೂ ತರಬೇಕಾಗಿಲ್ಲ.

ನೀರಿನ ಜೀವಿಗಳಿಗೆ ಇದರ ಮೇಲೆ ಬೇರೆ ಕಷ್ಟಗಳಿವೆ. ಇಳಿತದ ಹೊತ್ತಿನಲ್ಲಿ ಕಡಲಕಳೆ ಬಂಡೆಯ ಮೇಲೆ ಬಿಸಿಲಿಗೆ ಬೀಳುತ್ತದೆ, ಒಣಗುತ್ತದೆ, ಕೆಲವು ತಾಸುಗಳಲ್ಲಿ ಮತ್ತೆ ಮುಳುಗುತ್ತದೆ. ಎದ್ದು ನೆರಳಿಗೆ ಹೋಗಲು ಅದಕ್ಕೆ ಕಾಲಿಲ್ಲ. ಅದು ಮಾಡಬಹುದಾದದ್ದು ಒಂದೇ, ರಸಾಯನ.

ನನಗೆ ಬಹಳ ಇಷ್ಟವಾದ ಉದಾಹರಣೆ ಸಮುದ್ರ ಅರ್ಚಿನ್‌ನದ್ದು. ಮೈತುಂಬ ಮುಳ್ಳಿರುವ ಗುಂಡನೆಯ ಪ್ರಾಣಿ ಅದು. ಅದರ ಮೊಟ್ಟೆಗೆ ಒಂದು ವೀರ್ಯಾಣು ಸೇರಿದ ಕೂಡಲೇ ಎರಡನೆಯದು ಬರದಂತೆ ತಡೆಯಬೇಕು. ಮೊಟ್ಟೆ ತನ್ನ ಸುತ್ತ ಒಂದು ಪೊರೆ ಎಬ್ಬಿಸಿ ಅದನ್ನು ಗಟ್ಟಿ ಮಾಡುತ್ತದೆ. ಗಟ್ಟಿ ಮಾಡಲು ಬಳಸುವುದು ಹೈಡ್ರೋಜನ್ ಪೆರಾಕ್ಸೈಡ್, ಗಾಯ ತೊಳೆಯಲು ಬಳಸುತ್ತಿದ್ದೆವಲ್ಲ, ಅದೇ. ಫಲಿತಗೊಂಡ ಅರ್ಚಿನ್ ಮೊಟ್ಟೆ ಇದ್ದಕ್ಕಿದ್ದಂತೆ ಹೆಚ್ಚು ಆಮ್ಲಜನಕ ಎಳೆದುಕೊಳ್ಳುವುದನ್ನು ಆಟೋ ವಾರ್ಬರ್ಗ್ 1908ರಲ್ಲೇ ಗಮನಿಸಿದ್ದರು. ಆ ಆಮ್ಲಜನಕದ ಬಹುಭಾಗ ಪೆರಾಕ್ಸೈಡ್ ತಯಾರಿಗೆ ಹೋಗುತ್ತದೆ ಎಂದು ತಿಳಿಯಲು ದಶಕಗಳೇ ಬೇಕಾದವು. ಪೊರೆ ಗಟ್ಟಿಯಾಯಿತು, ಸರಿ. ಮೊಟ್ಟೆಯೊಳಗೆ ಉಳಿದ ಪೆರಾಕ್ಸೈಡ್ ಭ್ರೂಣವನ್ನೇ ಸುಡಬಹುದಲ್ಲವೇ? ಅದನ್ನು ನುಂಗಲು ಮೊಟ್ಟೆಯಲ್ಲಿ ಓವೋಥಯಾಲ್ ಎಂಬ ಗಂಧಕಯುಕ್ತ ಪದಾರ್ಥ ಮೊದಲೇ ಸಂಗ್ರಹವಾಗಿರುತ್ತದೆ. 1980ರ ದಶಕದಲ್ಲಿ ಇದನ್ನು ಗುರುತಿಸಿದರು. ಒಂದೇ ಜೀವಕೋಶ ವಿಷವನ್ನೂ ಮದ್ದನ್ನೂ ಒಟ್ಟಿಗೆ ತಯಾರಿಟ್ಟುಕೊಂಡಿದೆ. ವಿಷವೂ ಅದಕ್ಕೆ ಬೇಕು ಎಂಬುದನ್ನು ನೆನಪಿಡಿ. ಮಾತ್ರೆಗಳ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಇನ್ನು ಬಣ್ಣಗಳು. ಹಸಿ ಸೀಗಡಿ ಬೂದು-ನೀಲಿ ಛಾಯೆಯಲ್ಲಿರುತ್ತದೆ, ಬಾಣಲೆಗೆ ಬಿದ್ದೊಡನೆ ಕೆಂಪಾಗುತ್ತದೆ. ಕೆಂಪು ಮೊದಲಿನಿಂದಲೂ ಅಲ್ಲಿತ್ತು. ಅಸ್ಟಾಕ್ಸಾಂಥಿನ್ ಎಂಬ ಆ ಕೆಂಪು ವರ್ಣಕವನ್ನು ಒಂದು ಪ್ರೋಟೀನ್ ಬಿಗಿಯಾಗಿ ಹಿಡಿದುಕೊಂಡಿದ್ದರಿಂದ ನೀಲಿಯಾಗಿ ಕಾಣುತ್ತಿತ್ತು. ಬಿಸಿಗೆ ಪ್ರೋಟೀನಿನ ಮಡಿಕೆ ಬಿಚ್ಚಿತು, ಕೆಂಪು ಬಯಲಾಯಿತು. ಸೀಗಡಿ ಇದನ್ನು ತಾನೇ ಹೊಸದಾಗಿ ಕಟ್ಟುವುದಿಲ್ಲ, ಪಾಚಿಯಿಂದ ಆಹಾರದ ಸರಪಳಿಯಲ್ಲಿ ಪಡೆಯುತ್ತದೆ. ಸಾಲ್ಮನ್ ಮೀನಿನ ಕಿತ್ತಳೆ ಮಾಂಸವೂ ಅಲ್ಲಿಂದಲೇ. ಮೊಟ್ಟೆಯಿಡಲು ನದಿಯ ಮೇಲಕ್ಕೆ ಈಜುವ ಹೆಣ್ಣು ಸಾಲ್ಮನ್ ತನ್ನ ಸ್ನಾಯುವಿನಲ್ಲಿದ್ದ ಅಸ್ಟಾಕ್ಸಾಂಥಿನ್ನನ್ನು ಮೊಟ್ಟೆಗಳಿಗೆ ಸಾಗಿಸುತ್ತದೆ.

ಇದನ್ನು ಹೇರಳವಾಗಿ ತಯಾರಿಸುವುದು ಹೆಮಟೋಕಾಕಸ್ ಎಂಬ ಏಕಕೋಶದ ಪಾಚಿ. ಕಡಲಿನದ್ದಲ್ಲ, ಸಿಹಿನೀರಿನದ್ದು. ಬಂಡೆಯ ಕುಳಿಗಳಲ್ಲಿ ನಿಂತ ಮಳೆನೀರು ಅದರ ಮನೆ. ಗದಗಿನ ಕಪ್ಪತಗುಡ್ಡದ ಕಡೆ ಮಳೆಗಾಲ ಮುಗಿಯುವಾಗ ಇಂಥ ಕುಳಿಗಳನ್ನು ನೋಡಿದವರು ಆ ಬದುಕು ಎಷ್ಟು ಅಲ್ಪಾಯುಷಿ ಎಂದು ಊಹಿಸಬಲ್ಲರು. ನೀರು, ಸಾರಜನಕ ಇರುವವರೆಗೆ ಪಾಚಿ ಹಸಿರಾಗಿದ್ದು, ಎರಡು ಬಾಲ ಬೀಸಿ ಈಜುತ್ತಿರುತ್ತದೆ. ಪೋಷಕಾಂಶ ತೀರಿ, ಬಿಸಿಲು ಏರಿದಾಗ ಬಾಲ ಕಳಚಿ, ದಪ್ಪ ಗೋಡೆ ಕಟ್ಟಿಕೊಂಡು, ಒಳಗೆ ರಕ್ತದಂತೆ ಕೆಂಪಾಗುತ್ತದೆ. ಒಣತೂಕದ ಶೇಕಡಾ 3ರಿಂದ 5ರಷ್ಟು ಅಸ್ಟಾಕ್ಸಾಂಥಿನ್! ಕಾರ್ಖಾನೆಗಳು ಮಾಡುವುದೂ ಇದನ್ನೇ: ಮೊದಲು ಸುಖದಲ್ಲಿ ಹಸಿರಾಗಿ ಬೆಳೆಸಿ, ಆಮೇಲೆ ಉಪವಾಸ ಕೆಡವಿ ಬೆಳಕಿಗೆ ಒಡ್ಡುತ್ತಾರೆ. ಗೋಡೆ ಎಷ್ಟು ಗಟ್ಟಿಯೆಂದರೆ ಅದನ್ನು ಒಡೆಯದೆ ತಿಂದರೆ ವರ್ಣಕದ ಬಹುಪಾಲು ಹಾಗೆಯೇ ಹೊರಹೋಗುತ್ತದೆ.

ಅಸ್ಟಾಕ್ಸಾಂಥಿನ್ ಕೋಶಪೊರೆಯಲ್ಲಿ ಕೂರುವ ರೀತಿ ವಿಶೇಷ. ಅದರ ಎರಡೂ ತುದಿಗಳು ನೀರನ್ನು ಇಷ್ಟಪಡುತ್ತವೆ, ನಡುವಿನ ಉದ್ದ ಸರಪಳಿ ಕೊಬ್ಬನ್ನು. ಮಾಳಿಗೆ ಮನೆಯ ತೊಲೆ ಈ ಗೋಡೆಯಿಂದ ಆ ಗೋಡೆಗೆ ಚಾಚಿದಂತೆ ಅದು ಪೊರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಅಡ್ಡಲಾಗಿ ನಿಲ್ಲುತ್ತದೆ. ಗಜ್ಜರಿಯ ಬೀಟಾ ಕೆರೋಟಿನ್‌ಗೆ ಆ ತುದಿಗಳಿಲ್ಲ, ಅದು ಪೊರೆಯ ಒಳಗೇ ಉಳಿಯುತ್ತದೆ.

ಈ ವರ್ಣಕದ ಹತ್ತಿರದ ಸಂಬಂಧಿ ಹಾವೇರಿ ಜಿಲ್ಲೆಯಲ್ಲಿದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಕ್ಯಾಪ್ಸಾಂಥಿನ್‌ನದ್ದು, ಅದೂ ಕೆರೋಟಿನಾಯ್ಡ್ ಎಂಬ ಅದೇ ವರ್ಣಕ ಕುಟುಂಬದ್ದೇ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದಕ್ಕೇ ಬ್ಯಾಡಗಿಗೆ ಬೆಲೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಬ್ಯಾಡಗಿಯ ವರ್ತಕರು ಚೀಲಗಳನ್ನು ಶೀತಲಗೃಹದಲ್ಲಿ ಏಕಿಡುತ್ತಾರೆ? ಹುಳು ಒಂದು ಕಾರಣ, ಬಣ್ಣ ಇನ್ನೊಂದು. ಬೆಳಕು, ಬಿಸಿ, ಗಾಳಿ ಸೇರಿ ಆ ಉದ್ದ ಸರಪಳಿಯ ದ್ವಿಬಂಧಗಳನ್ನು ಮುರಿಯುತ್ತವೆ, ಕೆಂಪು ಮಾಸುತ್ತದೆ. ಆಂಟಿಆಕ್ಸಿಡೆಂಟ್ ಎಂದರೆ ತಾನು ಕೆಟ್ಟು ಇನ್ನೊಂದನ್ನು ಉಳಿಸುವುದು. ಖರ್ಚಾದ ಮೇಲೆ ಅದು ಇರುವುದಿಲ್ಲ. ಬಣ್ಣ ಮಾಸಿದ ಮೆಣಸಿನಕಾಯಿಗೆ ದರ ಬೀಳುವುದನ್ನು ಕಂಡ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಪ್ರಯೋಗಾಲಯದಲ್ಲಿ ಇದನ್ನೆಲ್ಲ ಅಳೆಯುವುದು ಹೇಗೆ? ಡಿಪಿಪಿಎಚ್ ಎಂಬ ಪದಾರ್ಥವಿದೆ, ಅದೇ ಒಂದು ಫ್ರೀ ರ್‍ಯಾಡಿಕಲ್, ಬಾಟಲಿಯಲ್ಲಿಟ್ಟರೂ ಉಳಿಯುವಷ್ಟು ಸ್ಥಿರ. ಮೆಥನಾಲಿನಲ್ಲಿ ಕರಗಿಸಿದರೆ ಗಾಢ ನೇರಳೆ. ಅದಕ್ಕೆ ಪಾಚಿಯದ್ದೋ ಮೀನಿನ ಚರ್ಮದ್ದೋ ಸಾರವನ್ನು ಹನಿಸಿ ಕತ್ತಲಲ್ಲಿ ಅರ್ಧ ಗಂಟೆ ಇಟ್ಟು ನೋಡಿದರೆ ನೇರಳೆ ಹಳದಿಗೆ ತಿರುಗಿರುತ್ತದೆ. 517 ನ್ಯಾನೋಮೀಟರ್ ತರಂಗದ ಬೆಳಕು ಎಷ್ಟು ಹೀರಲ್ಪಟ್ಟಿತು ಎಂದು ಅಳೆದು ಶೇಕಡಾವಾರು ಬರೆದರೆ ಪ್ರಬಂಧಕ್ಕೆ ಒಂದು ಕೋಷ್ಟಕ ಸಿದ್ಧ. ನಮ್ಮ ಫಾರ್ಮಸಿ, ರಸಾಯನ ವಿಭಾಗದ ಮಕ್ಕಳು ಇದನ್ನು ಚೆನ್ನಾಗಿ ಮಾಡುತ್ತಾರೆ. ತಕರಾರು ಪ್ರಯೋಗದ ಮೇಲಲ್ಲ, ಅದರ ಮೇಲೆ ಕಟ್ಟುವ ಮಾತಿನ ಮೇಲೆ. ಡಿಪಿಪಿಎಚ್ ಯಾವ ಜೀವಿಯ ಮೈಯಲ್ಲೂ ಇಲ್ಲ, ಮೆಥನಾಲ್ ನಮ್ಮ ರಕ್ತವಲ್ಲ. ಚಹಾ, ಮೆಂತ್ಯ, ಮಾವಿನ ಎಲೆ, ಯಾವುದನ್ನು ಹಾಕಿದರೂ ಆ ನೇರಳೆ ಒಂದಿಷ್ಟು ಮಾಸುತ್ತದೆ. ಅಮೆರಿಕದ ಕೃಷಿ ಇಲಾಖೆ ಇಂಥದ್ದೇ ಇನ್ನೊಂದು ಅಳತೆಯ, ಓಆರ್‌ಎಸಿ ಎಂಬುದರ, ದೊಡ್ಡ ಪಟ್ಟಿಯನ್ನೇ ಇಟ್ಟುಕೊಂಡಿತ್ತು. ಆ ಅಂಕಿಗಳು ದೇಹದೊಳಗಿನ ಪರಿಣಾಮವನ್ನು ಹೇಳುವುದಿಲ್ಲ, ಮಾರಾಟಗಾರರು ಮಾತ್ರ ಬಳಸಿಕೊಳ್ಳುತ್ತಿದ್ದಾರೆ ಎಂದು 2012ರಲ್ಲಿ ಅದನ್ನು ಹಿಂತೆಗೆದುಕೊಂಡಿತು.

‘ವಿಟಮಿನ್ ಸಿಗಿಂತ 6000 ಪಟ್ಟು ಶಕ್ತಿಶಾಲಿ’ ಎಂಬ ಅಸ್ಟಾಕ್ಸಾಂಥಿನ್ ಜಾಹೀರಾತನ್ನು ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ನೋಡಿರಬಹುದು. ಆ ಸಂಖ್ಯೆ ಸುಳ್ಳಲ್ಲ. ದ್ರಾವಣದಲ್ಲಿ ಸಿಂಗ್ಲೆಟ್ ಆಮ್ಲಜನಕವೆಂಬ ಒಂದು ಉದ್ರಿಕ್ತ ರೂಪವನ್ನು ತಣಿಸುವುದರಲ್ಲಿ ಬಂದ ಸಂಖ್ಯೆ ಅದು. ವಿಟಮಿನ್ ಸಿಯ ಮುಖ್ಯ ಕೆಲಸ ಬೇರೆ ಕಡೆ, ನೀರಿನಂಶದಲ್ಲಿ. ಸ್ಪರ್ಧೆಯ ಅಂಕಣವನ್ನು ಒಬ್ಬನೇ ಆರಿಸಿಕೊಂಡರೆ ಇಂಥ ಅಂಕಿಗಳು ಬರುತ್ತವೆ.

ಮನುಷ್ಯರ ಮೇಲೆ ನಿಜವಾಗಿ ನಡೆದ ದೊಡ್ಡ ಪ್ರಯೋಗಗಳನ್ನು ನೋಡೋಣ. ಬೀಟಾ ಕೆರೋಟಿನ್ ಉಪ್ಪುನೀರಿನ ಡುನಾಲಿಯೆಲ್ಲ ಪಾಚಿಯಲ್ಲಿ ಹೇರಳ, ಹಾಗಾಗಿ ಅದೂ ನಮ್ಮ ವಿಷಯದ್ದೇ. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರನ್ನು ಒಳಗೊಂಡ ಅಧ್ಯಯನದಲ್ಲಿ ಒಂದು ಪಾಲಿನವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ಕೊಟ್ಟರು. 1994ರಲ್ಲಿ ಫಲಿತಾಂಶ ಬಂತು: ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳು, ಕಲ್ನಾರಿನ ಧೂಳಿನಲ್ಲಿ ದುಡಿದವರು ಸೇರಿ 18,314 ಜನರ ಮೇಲೆ ಬೀಟಾ ಕೆರೋಟಿನ್, ವಿಟಮಿನ್ ಎ ಜೋಡಿಯ ಪ್ರಯೋಗ ನಡೆಯಿತು. ಅಲ್ಲಿ ಶೇಕಡಾ 28ರಷ್ಟು ಹೆಚ್ಚು. 1996ರ ಜನವರಿಯಲ್ಲಿ ಅವಧಿಗೆ ಮುನ್ನವೇ ಮಾತ್ರೆ ನಿಲ್ಲಿಸಿದರು. ಅಲ್ಲಿ ಕೊಟ್ಟದ್ದು ಕೃತಕವಾಗಿ ತಯಾರಿಸಿದ್ದು, ಪಾಚಿಯದ್ದಲ್ಲ ಎಂದು ಒಬ್ಬರು ವಾದಿಸಬಹುದು. ವಾದಿಸಲಿ. ಆದರೆ ಪಾಚಿಯದ್ದು ಕ್ಯಾನ್ಸರ್ ತಡೆಯುತ್ತದೆ ಎಂದು ತೋರಿಸುವ ಹೊಣೆ ಮಾರುವವರದ್ದು.

ಏಕೆ ಹೀಗಾಯಿತು? ಅರ್ಚಿನ್ ಮೊಟ್ಟೆಯನ್ನು ನೆನಪಿಸಿಕೊಳ್ಳಿ. ನಮ್ಮ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಸೂಪರ್‌ಆಕ್ಸೈಡ್ ತಯಾರಿಸಿಯೇ. ಅದನ್ನು ತಯಾರಿಸಲಾಗದ ಮಕ್ಕಳು ಹುಟ್ಟಿನಿಂದಲೇ ಪದೇ ಪದೇ ಸೋಂಕಿಗೆ ತುತ್ತಾಗುತ್ತಾರೆ. ವ್ಯಾಯಾಮ ಮಾಡಿದಾಗ ಸ್ನಾಯುವಿನಲ್ಲಿ ಹುಟ್ಟುವ ರ್‍ಯಾಡಿಕಲ್‌ಗಳು ದೇಹಕ್ಕೆ ಗಟ್ಟಿಯಾಗು ಎಂದು ಹೇಳುವ ಸಂಕೇತಗಳೂ ಹೌದು. 2009ರಲ್ಲಿ ಜರ್ಮನಿಯ ಒಂದು ತಂಡ ವ್ಯಾಯಾಮದ ಜೊತೆ ವಿಟಮಿನ್ ಸಿ ಮತ್ತು ಇ ಮಾತ್ರೆ ಕೊಟ್ಟು ನೋಡಿತು. ವ್ಯಾಯಾಮದಿಂದ ಇನ್ಸುಲಿನ್ ವಿಷಯದಲ್ಲಿ ಸಿಗಬೇಕಿದ್ದ ಲಾಭವೇ ಮಾತ್ರೆ ನುಂಗಿದವರಿಗೆ ಸಿಗಲಿಲ್ಲ. ಬೆಳಿಗ್ಗೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಬೆವರು ಸುರಿಸಿ ನಡೆದು, ಮನೆಗೆ ಬಂದು ಮಾತ್ರೆ ನುಂಗುವ ಗೆಳೆಯರು ಇದನ್ನು ಯೋಚಿಸಲಿ.

ಕಡಲಕಳೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕಂದು ಕಳೆಗಳಲ್ಲಿ ಫ್ಯೂಕೋಕ್ಸಾಂಥಿನ್ ಎಂಬ ವರ್ಣಕವೂ ಫ್ಲೋರೋಟ್ಯಾನಿನ್‌ಗಳೂ ಇವೆ. ಕೆಂಪು ಕಳೆಗಳು 310ರಿಂದ 360 ನ್ಯಾನೋಮೀಟರ್ ನಡುವಿನ ಅತಿನೇರಳೆ ಕಿರಣ ಹೀರುವ ಅಮೈನೋ ಆಮ್ಲ ಜಾತಿಯ ಪದಾರ್ಥ ತಯಾರಿಸುತ್ತವೆ. ಬಿಸಿಲು ತಡೆಯುವ ಕ್ರೀಮಿಗೆ ಅದು ಬಹಳ ಯೋಗ್ಯ ಎಂದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಅದು ಮಾಡಬೇಕಾದದ್ದು ಕಳೆಯ ಮೈಮೇಲೆ ಮಾಡುತ್ತಿದ್ದ ಕೆಲಸವನ್ನೇ. ತಿನ್ನುವುದಾದರೆ ಎಚ್ಚರ ಬೇಕು. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಕೆಲವು ಕಂದು ಕಳೆಗಳಲ್ಲಿ ಒಂದು ಚಿಟಿಕೆಯಲ್ಲೇ ಅದರ ಹಲವು ಪಟ್ಟು ಇರುತ್ತದೆ. ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕಳೆಯ ಪುಡಿಗೆ ಕೈ ಹಾಕಬಾರದು.

ಈಗ ನನಗೆ ಮುಖ್ಯವೆನಿಸುವ ಜಾಗಕ್ಕೆ ಬರುತ್ತೇನೆ. ಈ ಪದಾರ್ಥಗಳು ನಿಸ್ಸಂಶಯವಾಗಿ ಕೆಲಸ ಮಾಡುವ ಒಂದು ಕ್ಷೇತ್ರವಿದೆ, ಅದು ಎಣ್ಣೆ ಮತ್ತು ಆಹಾರದ ರಕ್ಷಣೆ. ಖಾದ್ಯ ತೈಲ ಕೆಡದಂತೆ ಟಿಬಿಎಚ್‌ಕ್ಯೂ ಎಂಬ ಕೃತಕ ಪದಾರ್ಥವನ್ನು ಕಿಲೋಗೆ 200 ಮಿಲಿಗ್ರಾಂ ಮಿತಿಯಲ್ಲಿ ಸೇರಿಸಲು ಅನುಮತಿಯಿದೆ. ಮೀನಿನ ಪುಡಿಯ ಕಥೆ ಇನ್ನೂ ರೋಚಕ. ಮಂಗಳೂರು, ಉಡುಪಿ ಕಡೆಯ ಕಾರ್ಖಾನೆಗಳಲ್ಲಿ ತಾರ್ಲೆಯಂಥ ಮೀನುಗಳಿಂದ ಪಶು ಮತ್ತು ಸೀಗಡಿ ಆಹಾರಕ್ಕೆ ಪುಡಿ ಮಾಡುತ್ತಾರೆ. ಅದರಲ್ಲಿ ಉಳಿದ ಕೊಬ್ಬು ಆಮ್ಲಜನಕದೊಡನೆ ಸೇರುತ್ತ ಶಾಖ ಬಿಡುತ್ತದೆ. ಹಡಗಿನ ಹೊಟ್ಟೆಯಲ್ಲಿ ರಾಶಿ ಹಾಕಿದರೆ ಆ ಶಾಖ ಹೊರಹೋಗದೆ ಪುಡಿ ತಾನಾಗಿಯೇ ಹೊತ್ತಿಕೊಳ್ಳಬಹುದು! ಆದ್ದರಿಂದಲೇ ಹಡಗು ಸಾಗಣೆಗೆ ಆಂಟಿಆಕ್ಸಿಡೆಂಟ್ ಸೇರಿಸುವ ಅಂತರರಾಷ್ಟ್ರೀಯ ನಿಯಮವಿದೆ. ಬಹುಕಾಲ ಬಳಸಿದ್ದು ಎಥಾಕ್ಸಿಕ್ವಿನ್. ಅದರ ಸುರಕ್ಷತೆಯ ಬಗ್ಗೆ ಅನುಮಾನ ಬಂದು ಯುರೋಪಿಯನ್ ಒಕ್ಕೂಟ 2017ರಲ್ಲಿ ಪಶು ಆಹಾರದಲ್ಲಿ ಅದರ ಅನುಮತಿಯನ್ನು ತಡೆಹಿಡಿಯಿತು. ಬದಲಿ ಬೇಕಾಗಿದೆ. ಸೀಗಡಿ ಸಿಪ್ಪೆ, ಮೀನಿನ ತಲೆ, ಚರ್ಮ, ಕಂದು ಕಳೆ, ಇವುಗಳ ಸಾರಕ್ಕೆ ಇಲ್ಲಿ ನಿಜವಾದ ಕೆಲಸವಿದೆ. ಎಣ್ಣೆ ಡಬ್ಬಿಯಲ್ಲಿ ಜಠರವಿಲ್ಲ, ಯಕೃತ್ತಿಲ್ಲ, ಹೀರಿಕೊಳ್ಳುವ ತಾಪತ್ರಯವಿಲ್ಲ. ಹಾಕಿದ್ದು ಹಾಕಿದಲ್ಲೇ ಕೆಲಸ ಮಾಡುತ್ತದೆ, ಮಾಡಿತೋ ಇಲ್ಲವೋ ಎಂದು ವಾರದೊಳಗೆ ಅಳೆಯಬಹುದು.

ಪ್ರಶ್ನೆಗಳು

ಹುಬ್ಬಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು ಉಣಕಲ್ ಕೆರೆ ಬೇಸಿಗೆಯಲ್ಲಿ ಹಸಿರಾಗುತ್ತದಲ್ಲ, ಅದೂ ಪುಡಿ, ಮಾತ್ರೆಯಾಗಿ ಮಾರುವ ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿಯ ಜಾತಿಯೇ, ಉಪಯೋಗಿಸಬಹುದೇ ಎಂದು ಕೇಳಿದರು.

ದಯವಿಟ್ಟು ಬೇಡ. ಒಳಚರಂಡಿ ಸೇರುವ ಯಾವ ಕೆರೆಯಲ್ಲಾದರೂ ಮೇಲೆ ತೇಲುವ ಹಸಿರು ಕೆನೆಯಲ್ಲಿ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ ಇರಬಹುದು. ಅದು ಮೈಕ್ರೋಸಿಸ್ಟಿನ್ ಎಂಬ, ಯಕೃತ್ತನ್ನು ಹಾಳು ಮಾಡುವ ವಿಷ ತಯಾರಿಸುತ್ತದೆ. ಕುದಿಸಿದರೂ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ಪಿರುಲಿನಾ ಬೆಳೆಯುವುದು ಸೋಡಾ ಬೆರೆತ, ಪಿಎಚ್ 9ರಿಂದ 10ರ ಕ್ಷಾರದ ನೀರಿನಲ್ಲಿ. ಆಫ್ರಿಕಾದ ಚಾಡ್ ಸರೋವರದ ಸುತ್ತಲಿನ ಕನೆಂಬು ಜನ ಅದನ್ನು ಸೋಸಿ, ಮರಳಿನ ಮೇಲೆ ಒಣಗಿಸಿ, ಬಿಲ್ಲೆ ಮಾಡಿ ಸಾರಿಗೆ ಹಾಕುತ್ತಾರೆ. ಅದರ ನೀಲಿ ಫೈಕೋಸಯಾನಿನ್ ಪ್ರಯೋಗಾಲಯದಲ್ಲಿ ಒಳ್ಳೆಯ ಆಂಟಿಆಕ್ಸಿಡೆಂಟ್. ಆದರೆ ಅದು ಪ್ರೋಟೀನ್, ಬಿಸಿ ತಗುಲಿದರೆ ಬಣ್ಣ ಹೋಗುತ್ತದೆ, ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಸ್ಪಿರುಲಿನಾದಲ್ಲಿರುವ ಬಿ12ರ ಬಹುಪಾಲು ನಮ್ಮ ದೇಹ ಬಳಸಲಾಗದ ರೂಪದ್ದು. ಬಿ12 ಕೊರತೆಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಇದೇ ಎಳೆ ಹಿಡಿದು ಒಬ್ಬ ರೈತರು, ನೀವು ತೊಟ್ಟಿಯಲ್ಲಿ ಬೆಳೆಯಿರಿ, ನಾವೇ ಕೊಳ್ಳುತ್ತೇವೆ ಎನ್ನುವ ಸ್ಪಿರುಲಿನಾ ಕಂಪನಿಗಳ ಬಗ್ಗೆ ಕೇಳಿದರು. ನಮ್ಮ ಬಿಸಿಲು ಆ ಬೆಳೆಗೆ ಒಗ್ಗುತ್ತದೆ, ಸಂಶಯವಿಲ್ಲ. ಆದರೆ ಬೀಜ, ತೊಟ್ಟಿ, ತರಬೇತಿ ಎಂದು ಮೊದಲು ಹಣ ಕೇಳಿ, ಕೊಳ್ಳುವ ದರವನ್ನು ಬಾಯಲ್ಲಿ ಮಾತ್ರ ಹೇಳುವವರಿಂದ ದೂರವಿರಿ. ಮೈಸೂರಿನ, ಆಹಾರ ತಂತ್ರಜ್ಞಾನದ ಸಂಶೋಧನೆ ನಡೆಸುವ ಸಿಎಫ್‌ಟಿಆರ್‌ಐನಂಥ ಸಂಸ್ಥೆಯಿಂದ ವಿಧಾನ ತಿಳಿದುಕೊಂಡು, ಕೊಳ್ಳುವವರನ್ನು ನೀವೇ ಹುಡುಕಿ, ಆಮೇಲೆ ತೊಟ್ಟಿ ಕಟ್ಟಿ.

ಮೀನೆಣ್ಣೆಯ ಮಾತ್ರೆ ತೆಗೆದುಕೊಳ್ಳುತ್ತಿರುವ ಒಬ್ಬರಿಗೆ ಹೇಳಿದ್ದು ಇಷ್ಟೇ: ಒಂದು ಮಾತ್ರೆಯನ್ನು ಕತ್ತರಿಸಿ ಮೂಸಿ ನೋಡಿ. ಸ್ವಲ್ಪ ಮೀನಿನ ವಾಸನೆ ಸಹಜ. ಗೋಡೆಗೆ ಬಳಿಯುವ ಬಣ್ಣದ ಹಳೆಯ ಡಬ್ಬಿಯ ವಾಸನೆ ಬಂದರೆ ಎಣ್ಣೆ ಕೆಟ್ಟಿದೆ, ಬಾಟಲಿಯನ್ನು ಬಿಸಾಡಿ.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು. ಸಮುದ್ರವಿಲ್ಲದ ಊರಿನಲ್ಲಿ, ಹೆಚ್ಚು ಉಪಕರಣವಿಲ್ಲದ ಕಾಲೇಜಿನಲ್ಲಿ ಈ ವಿಷಯದ ಮೇಲೆ ಏನು ಮಾಡಬಹುದು ಎಂದು ಕೇಳಿದಳು.

ಮೊದಲಿಗೆ, ನಮಗೆ ಸಮುದ್ರ ಅಷ್ಟು ದೂರವೇನಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವೇ ಕಾರವಾರದ ಕೋಡಿಬಾಗಿನಲ್ಲಿದೆ. ಇಲ್ಲೇ ಮಾಡಬಹುದಾದದ್ದು ಹೇಳುತ್ತೇನೆ. ಹುಬ್ಬಳ್ಳಿಯ ಮೀನು ಅಂಗಡಿಯಲ್ಲಿ ಎಸೆಯುವ ಸೀಗಡಿ ಸಿಪ್ಪೆ ತನ್ನಿ, ಒಣಗಿಸಿ ಪುಡಿ ಮಾಡಿ, ಸಾರ ತೆಗೆಯಿರಿ. ಹೊಸದಾಗಿ ಗಾಣದಲ್ಲಿ ತೆಗೆದ ಕುಸುಬಿ ಎಣ್ಣೆಯನ್ನು ಮೂರು ಪಾಲು ಮಾಡಿ: ಒಂದಕ್ಕೆ ಏನೂ ಬೇಡ, ಒಂದಕ್ಕೆ ಟಿಬಿಎಚ್‌ಕ್ಯೂ, ಒಂದಕ್ಕೆ ನಿಮ್ಮ ಸಾರ. ಮೂರನ್ನೂ 60 ಡಿಗ್ರಿಯ ಒವನ್‌ನಲ್ಲಿ ಕತ್ತಲಲ್ಲಿಡಿ. ದಿನ ಬಿಟ್ಟು ದಿನ ಪೆರಾಕ್ಸೈಡ್ ಮೌಲ್ಯ, ಅಂದರೆ ಎಣ್ಣೆ ಎಷ್ಟು ಕೆಡತೊಡಗಿದೆ ಎಂದು ತೋರಿಸುವ ಅಂಕಿ, ತೆಗೆಯಿರಿ. ಅದಕ್ಕೆ ಬೇಕಾದದ್ದು ಪೊಟ್ಯಾಸಿಯಂ ಅಯೋಡೈಡ್, ಗಂಜಿ, ಥಯೋಸಲ್ಫೇಟ್, ಒಂದು ಬ್ಯೂರೆಟ್. ನೀಲಿ ಮಾಯವಾಗುವವರೆಗೆ ಹನಿಸಿದರೆ ಮುಗಿಯಿತು. ಡಿಪಿಪಿಎಚ್‌ನ ನೇರಳೆಗಿಂತ ಇದು ನಿಧಾನದ ಕೆಲಸ, ಆದರೆ ಬರುವ ಅಂಕಿ ನಿಜವಾದ ಎಣ್ಣೆಯದ್ದು.

ಮಾರಾಟದವರೆಗೆ ಒಯ್ಯುವ ಯೋಚನೆ ಇದ್ದರೆ ಎರಡು ಅಡ್ಡಿಗಳಿವೆ. ಸೀಗಡಿ ಅಲರ್ಜಿ ಇರುವವರಿಗೆ ಸಿಪ್ಪೆಯ ಸಾರದಲ್ಲಿ ಉಳಿದ ಪ್ರೋಟೀನೂ ಅಪಾಯ, ಆದ್ದರಿಂದ ಲೇಬಲ್ಲಿನಲ್ಲಿ ಅದನ್ನು ಬರೆಯಲೇಬೇಕು. ಎರಡನೆಯದಾಗಿ, ಅದನ್ನು ಬೆರೆಸಿದ ಕುಸುಬಿ ಎಣ್ಣೆಗೆ ಮಾಂಸಾಹಾರದ ಕಂದು ಗುರುತು ಬೀಳುತ್ತದೆ. ಧಾರವಾಡದ ಪೇಟೆಯಲ್ಲಿ ಆ ಎಣ್ಣೆಯನ್ನು ಯಾರು ಕೊಳ್ಳುತ್ತಾರೆಂದು ನೀವೇ ಹೇಳಿ. ಹಸಿರು ಗುರುತು ಬೇಕಿದ್ದರೆ ಹೆಮಟೋಕಾಕಸ್ ಪಾಚಿಗೇ ಹೋಗಬೇಕು. ಅದರ ಬಣ್ಣ ತೆಗೆಯಲು 31 ಡಿಗ್ರಿ, ಸುಮಾರು 74 ಬಾರ್ ಒತ್ತಡ ದಾಟಿಸಿದ ಕಾರ್ಬನ್ ಡೈಆಕ್ಸೈಡ್ ಬಳಸುವ ವಿಧಾನವೊಂದಿದೆ, ಮೆಣಸಿನಕಾಯಿಯ ಓಲಿಯೋರೆಸಿನ್, ಅಂದರೆ ಅದರ ಬಣ್ಣ-ಖಾರದ ಗಟ್ಟಿ ಸಾರ, ತೆಗೆಯಲೂ ಅದೇ ವಿಧಾನ ನಡೆಯುತ್ತದೆ. ಬ್ಯಾಡಗಿ ಇಲ್ಲಿಂದ ಎರಡು ತಾಸಿನ ದಾರಿ. ಬಣ್ಣ ತೆಗೆಯುವ ಘಟಕದವರೊಡನೆ ಒಮ್ಮೆ ಮಾತಾಡಿ ಬನ್ನಿ.